ಎಂಡಿಎಸ್ ಮುಗಿಸಿ ಅಮೆರಿಕಕ್ಕೆ ಬಂದವರಿಗೆ

ನಮಸ್ಕಾರ. ದಾವಣಗೆರೆಯಲ್ಲಿ ಆರ್ಥೊಡಾಂಟಿಕ್ಸ್ (ಓರೆಕೋರೆ ಹಲ್ಲು ಸರಿಪಡಿಸುವ ವಿಭಾಗ) ಎಂಡಿಎಸ್, ಅಂದರೆ ದಂತವೈದ್ಯದ ಸ್ನಾತಕೋತ್ತರ ಪದವಿ ಮುಗಿಸಿ, ಮದುವೆಯಾಗಿ ಎಚ್-4 ವೀಸಾದಲ್ಲಿ (ಗಂಡನ ಕೆಲಸದ ವೀಸಾ ಮೇಲೆ ಹೆಂಡತಿಗೆ ಸಿಗುವಂಥದ್ದು) ಓಹಾಯೊಗೆ ಬಂದಿದ್ದೀರಿ. ಇಲ್ಲಿ ಮತ್ತೆ ಓದಲೇಬೇಕಾ, ಪಾಠ ಮಾಡುವ ದಾರಿ ಹಿಡಿದರೆ ಬದುಕು ಹೇಗಿರುತ್ತದೆ ಅಂತ ಕೇಳಿದ್ದೀರಿ. ನಾನೂ ಹಾಗೇ ಬಂದವಳು. ಈಗ ಇಲ್ಲಿಯ ಡೆಂಟಲ್ ಕಾಲೇಜೊಂದರಲ್ಲಿ ಕಲಿಸುತ್ತಿದ್ದೇನೆ.

ಓದಲೇಬೇಕು. ನಮ್ಮ ಎಂಡಿಎಸ್ ಒಂದನ್ನೇ ನಂಬಿ ಇಲ್ಲಿ ಕ್ಲಿನಿಕ್ ಇಟ್ಟು ಕ್ಲಿಪ್ ಹಾಕುವ ಹಾಗಿಲ್ಲ. ಮೊದಲು ಐಎನ್‌ಬಿಡಿಇ, ಅಂದರೆ ಇಲ್ಲಿಯ ದಂತವೈದ್ಯರ ರಾಷ್ಟ್ರೀಯ ಬೋರ್ಡ್ ಪರೀಕ್ಷೆ. ಆಮೇಲೆ ಎರಡು ದಾರಿ ಇವೆ. ಅಡ್ವಾನ್ಸ್‌ಡ್ ಸ್ಟ್ಯಾಂಡಿಂಗ್ (ಹೊರದೇಶದಲ್ಲಿ ದಂತವೈದ್ಯ ಓದಿದವರಿಗಿರುವ ಕೋರ್ಸ್) ಸೇರಿ ಎರಡು ಮೂರು ವರ್ಷದಲ್ಲಿ ಡಿಡಿಎಸ್ ಅಥವಾ ಡಿಎಂಡಿ ಅನ್ನುವ ಇಲ್ಲಿಯ ದಂತವೈದ್ಯ ಪದವಿ ಪಡೆಯಬಹುದು. ಇಲ್ಲವೇ ನೇರವಾಗಿ ಆರ್ಥೊ ರೆಸಿಡೆನ್ಸಿ, ಅಂದರೆ ಆರ್ಥೊಡಾಂಟಿಕ್ಸ್‌ನ ತಜ್ಞ ತರಬೇತಿ, ಅದು ಕನಿಷ್ಠ 24 ತಿಂಗಳು. ಎರಡನೆಯದು ಚಿಕ್ಕ ದಾರಿ ಅನ್ನಿಸುತ್ತದೆ, ಅಲ್ವಾ? ಆದರೆ ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ಬರೀ ರೆಸಿಡೆನ್ಸಿ ಮಾಡಿದವರಿಗೆ ಕೆಲವು ರಾಜ್ಯಗಳು ಕೊಡುತ್ತವೆ, ಕೆಲವು ಕೊಡುವುದಿಲ್ಲ. ನೀವು ನೆಲೆ ನಿಲ್ಲಬೇಕು ಅಂದುಕೊಂಡ ರಾಜ್ಯದ ನಿಯಮ ಓದದೆ ಫೀಸ್ ಕಟ್ಟಬೇಡಿ. ಎಚ್-4ನಲ್ಲಿ ಓದಬಹುದು, ಕೆಲಸಕ್ಕೆ ಮಾತ್ರ ಪರ್ಮಿಟ್ ಬೇಕು.

ಕಲಿಸುವ ಕೆಲಸಕ್ಕೆ ಹಲವು ರಾಜ್ಯಗಳಲ್ಲಿ ಬೇರೆಯೇ ಲೈಸೆನ್ಸ್ ಇದೆ, ಕಾಲೇಜಿನೊಳಗೆ ಮಾತ್ರ ನಡೆಯುವಂಥದ್ದು. ವಿಶ್ವವಿದ್ಯಾಲಯಗಳು ಎಚ್-1ಬಿ ಕೆಲಸದ ವೀಸಾದ ಲಾಟರಿಗಾಗಿ ಕಾಯಬೇಕಿಲ್ಲ. ಸಂಬಳ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ, ಅದು ನಿಜ. ಆದರೂ ನಾನು ಇದನ್ನೇ ಆರಿಸಿಕೊಂಡೆ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮದೇ ರಾಜ್ಯದ ಕ್ಲೀವ್‌ಲ್ಯಾಂಡಿನಲ್ಲಿ ಬ್ರಾಡ್‌ಬೆಂಟ್ ಅನ್ನುವ ವೈದ್ಯರಿದ್ದರು. ತಲೆಯನ್ನು ಒಂದೇ ಭಂಗಿಯಲ್ಲಿ, ಒಂದೇ ದೂರದಲ್ಲಿ ನಿಲ್ಲಿಸಿ ಎಕ್ಸ್‌ರೇ ತೆಗೆಯುವ ಕ್ರಮವನ್ನು 1931ರಲ್ಲಿ ಪ್ರಕಟಿಸಿದರು. ನಾವು ದಿನಾ ನೋಡುವ ಸೆಫಲೋಗ್ರಾಮ್ ಅದೇ. ಅವರು ಊರಿನ ಸಾವಿರಾರು ಮಕ್ಕಳು ಬೆಳೆಯುವುದನ್ನು ವರ್ಷ ವರ್ಷ ಹೀಗೆ ದಾಖಲಿಸಿದರು. ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿ ಬೋಲ್ಟನ್-ಬ್ರಶ್ ಸಂಗ್ರಹ ಅಂತ ಅದು ಈಗಲೂ ಇದೆ. ಆರೋಗ್ಯವಾಗಿರುವ ಮಕ್ಕಳಿಗೆ ಬರೀ ಸಂಶೋಧನೆಗೆಂದು ಎಕ್ಸ್‌ರೇ ತೆಗೆಯಲು ಇವತ್ತು ಯಾರೂ ಒಪ್ಪುವುದಿಲ್ಲ. ಹಾಗಾಗಿ ಇಂಥದ್ದು ಇನ್ನೊಮ್ಮೆ ಆಗುವುದಿಲ್ಲ. ಕಲಿಸುವ ಕಡೆಗೆ ನನ್ನನ್ನು ಎಳೆದದ್ದು ಇಂಥ ಸಂಶೋಧನೆಯೇ.

ಇನ್ನು ಡೌನ್ಸ್ ಅನಾಲಿಸಿಸ್, ಆ ಎಕ್ಸ್‌ರೇ ಮೇಲೆ ಮುಖದ ಮೂಳೆ, ಹಲ್ಲುಗಳ ಕೋನ ಅಳೆಯುವ ಕ್ರಮ. ಊರಲ್ಲಿ ಟ್ರೇಸಿಂಗ್ ಪೇಪರ್ ಮೇಲೆ ನೀವೂ ನೂರಾರು ಸಲ ಗೀಚಿರುತ್ತೀರಿ. 1948ರ ಆ ಅಳತೆಗಳು ಬಂದದ್ದು ಅಮೆರಿಕದ 20 ಬಿಳಿಯ ಹುಡುಗ ಹುಡುಗಿಯರಿಂದ. ಎಲ್ಲರಿಗೂ ಹಲ್ಲಿನ ಜೋಡಣೆ ಚೆನ್ನಾಗಿತ್ತು. ಆ ಇಪ್ಪತ್ತು ಮುಖಗಳ ಲೆಕ್ಕಕ್ಕೆ ದಾವಣಗೆರೆಯ ಹುಡುಗಿಯ ಹಲ್ಲು, ಗದ್ದ ಕೂರಲಿಲ್ಲ ಅಂದರೆ ಅದು ದೋಷವೇನಲ್ಲ. ಅದನ್ನೇ ಹಿಡಿದು ನಾಲ್ಕು ಗಟ್ಟಿ ಹಲ್ಲು ಕೀಳಿಸುವುದು ನನಗೆ ಸಹಿಸಲಾಗದ ಸಂಗತಿ. ನಮ್ಮ ಜನರ ಅಳತೆಗಳ ಮೇಲೂ ಅಧ್ಯಯನಗಳಾಗಿವೆ, ಆದರೆ ಕೆಲಸ ಇನ್ನೂ ಬೆಟ್ಟದಷ್ಟಿದೆ. ಎರಡೂ ಕಡೆಯ ಮುಖಗಳನ್ನು ನೋಡಿ ಪಳಗಿದ ಕಣ್ಣು ಅದಕ್ಕೆ ಬೇಕು. ನಿಮ್ಮ ಮೂರು ವರ್ಷದ ಎಂಡಿಎಸ್ ವ್ಯರ್ಥವಾಯಿತು ಅಂತ ಕೊರಗಬೇಡಿ. ಅಲ್ಲಿ ಕೈಯಾರೆ ತಂತಿ ಬಗ್ಗಿಸಿ ಕಲಿತದ್ದು ಇಲ್ಲಿ ತುಂಬ ಬೆಲೆಯುಳ್ಳದ್ದು. ತಂತಿಯ ಬದಲು ಹಾಕುವ ಪಾರದರ್ಶಕ ಅಚ್ಚು, ಅಂದರೆ ಅಲೈನರ್ ಬಂದ ಮೇಲೆ ಇಲ್ಲಿಯ ಹುಡುಗರು ಜಾಸ್ತಿ ಹೊತ್ತು ಪರದೆ ಮುಂದೆಯೇ ಇರುತ್ತಾರೆ. ಹಲ್ಲು ಯಾಕೆ ವಾಲಿತು, ಬೇರು ಎತ್ತ ಹೋಯಿತು ಅನ್ನುವುದು ತಂತಿ ಹಿಡಿದಾಗಲೇ ಅವರಿಗೆ ಅರ್ಥವಾಗುವುದು.

ಒಂದಕ್ಕೆ ಸಿದ್ಧರಾಗಿ. ರೆಸಿಡೆನ್ಸಿ ಮಾಡುವ ವಿದ್ಯಾರ್ಥಿಗಳು ಎದುರೆದುರೇ ಪ್ರಶ್ನೆ ಕೇಳುತ್ತಾರೆ, ಪುರಾವೆ ಎಲ್ಲಿದೆ ಅನ್ನುತ್ತಾರೆ. ಅದು ಅಗೌರವ ಅಲ್ಲ. ನಿಮ್ಮ ಮೇಷ್ಟ್ರುಗಳನ್ನು ನೀವೂ ಹಾಗೆ ಕೇಳಿ.

ಈಗಲೇ ಮಾಡಬೇಕಾದದ್ದು: ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ತರಿಸಲು ಅರ್ಜಿ ಹಾಕಿ, ಅದನ್ನು ಇಸಿಇ ಅನ್ನುವ, ಹೊರದೇಶದ ಪದವಿಗಳನ್ನು ಅಳೆಯುವ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಬೇಕಾಗುತ್ತದೆ. ನಿಮ್ಮ ಎಂಡಿಎಸ್ ಥೀಸಿಸ್ ಇನ್ನೂ ಪ್ರಕಟವಾಗಿಲ್ಲದಿದ್ದರೆ ಗೈಡ್ ಹತ್ತಿರ ಮಾತಾಡಿ, ಅವರ ಹೆಸರೂ ಸೇರಿಸಿ ಲೇಖನ ಸಿದ್ಧಮಾಡಿ. ಬೇಕಿದ್ದರೆ ಕಳಿಸುವ ಮುಂಚೆ ನಾನು ಓದಿಕೊಡುತ್ತೇನೆ.