ಬುಲೆಟ್ ರೈಲು ಬಂದರೆ ಕೋಲಾರದಿಂದ ಬೆಂಗಳೂರಿಗೆ ಅರ್ಧ ಗಂಟೆ ಸಾಕಾ?

ಬೋಗಿಯಲ್ಲಿ ಕೂತಿರುವ ಹೊತ್ತು ಬೇಕಾದರೆ ಅರ್ಧ ಗಂಟೆ ಆದೀತು. ಮನೆ ಬಿಟ್ಟು ಆಫೀಸು ಸೇರುವ ಹೊತ್ತು ಕೇಳಿದರೆ, ನನಗಂತೂ ನಂಬಿಕೆಯಿಲ್ಲ. ಹನ್ನೊಂದು ವರ್ಷದಿಂದ ಕೋಲಾರದ ಹತ್ತಿರದ ಬಂಗಾರಪೇಟೆ ಜಂಕ್ಷನ್‌ನಲ್ಲಿ ರೈಲು ಹತ್ತಿ ಪಾಸಿನ ಮೇಲೆ ಬೆಂಗಳೂರಿಗೆ ಓಡಾಡುತ್ತಿದ್ದೇನೆ, ಆ ಲೆಕ್ಕದಲ್ಲಿ ಹೇಳುತ್ತೇನೆ.

ಮೊದಲು ಪ್ರಸ್ತಾಪವಾದ ಚೆನ್ನೈ–ಬೆಂಗಳೂರು–ಮೈಸೂರು ಬುಲೆಟ್ ರೈಲು ಮಾರ್ಗ ಸುಮಾರು 435 ಕಿ.ಮೀ. ಮೊದಲು ಹೊರಬಂದ ಪಟ್ಟಿಯಲ್ಲಿದ್ದ ಒಂಬತ್ತು ನಿಲ್ದಾಣಗಳಲ್ಲಿ ಬಂಗಾರಪೇಟೆಯೂ ಒಂದು. ಅದನ್ನು ನೋಡಿ ನಮ್ಮ ಬೋಗಿಯವರು ಒಂದು ವಾರ ಬೇರೆ ಮಾತೇ ಆಡಲಿಲ್ಲ. ಆದರೆ ಹೆಸರು ಬಂಗಾರಪೇಟೆಯದಾದ ಮಾತ್ರಕ್ಕೆ ನಿಲ್ದಾಣ ಜಂಕ್ಷನ್ ಪಕ್ಕದಲ್ಲೇ ಏಳಬೇಕೆಂದಿಲ್ಲ. ಗಂಟೆಗೆ 320 ಕಿ.ಮೀ. ಓಡುವ ರೈಲಿಗೆ ತಿರುವಿನ ತ್ರಿಜ್ಯವೇ ಹಲವು ಕಿಲೋಮೀಟರ್ ಇರಬೇಕು. ಊರೊಳಗೆ ಬಳುಕಿಕೊಂಡು ಬರಲಾಗದೆ ಹೊಲದ ನಡುವೆಯೇ ಸಾಗುತ್ತದೆ. ಫ್ರಾನ್ಸಿನಲ್ಲಿ ಹೀಗೆ ಊರಾಚೆ ಕಟ್ಟಿದ ಒಂದು ನಿಲ್ದಾಣಕ್ಕೆ ಜನ 'ಬೀಟ್‌ರೂಟ್ ನಿಲ್ದಾಣ' ಅಂತಲೇ ಅಡ್ಡಹೆಸರಿಟ್ಟರು. ಸುತ್ತ ಅದೇ ಬೆಳೆ. ನಮ್ಮಲ್ಲಾದರೆ ಟೊಮೆಟೊ ನಿಲ್ದಾಣ!

ಗೇಜಿನದು, ಅಂದರೆ ಎರಡು ಹಳಿಗಳ ನಡುವಿನ ಅಗಲದ್ದು, ಇನ್ನೂ ದೊಡ್ಡ ತೊಡಕು. ಜಪಾನಿನ ತಂತ್ರಜ್ಞಾನದಲ್ಲಿ ಕಟ್ಟುತ್ತಿರುವ 508 ಕಿ.ಮೀ. ಮುಂಬೈ–ಅಹಮದಾಬಾದ್ ಮಾರ್ಗದ ಹಳಿ ಅಗಲ 1435 ಮಿ.ಮೀ., ನಮ್ಮ ಬ್ರಾಡ್‌ಗೇಜ್ 1676. ಇಲ್ಲೂ ಅದೇ ಅಳತೆಯಾದರೆ ಆ ರೈಲು ಈಗಿನ ಹಳಿ ಹತ್ತಿ ಮೆಜೆಸ್ಟಿಕ್ ತನಕ ಬರುವಂತಿಲ್ಲ. ಫ್ರಾನ್ಸಿನಲ್ಲಿ ಹಳೆಯದೂ ಹೊಸದೂ ಒಂದೇ ಅಳತೆ. 1981ರಲ್ಲಿ ಶುರುವಾದ ಅಲ್ಲಿನ ವೇಗದ ರೈಲು ಟಿಜಿವಿ ಅದಕ್ಕೇ ಹಳೆ ಹಳಿಯಲ್ಲಿ ಊರೊಳಗಿನ ಹಳೆ ನಿಲ್ದಾಣಗಳಿಗೂ ಹೋಗುತ್ತದೆ.

ಇದರ ಕಷ್ಟ ಕೋಲಾರದ ಹಿರಿಯರಿಗೆ ಬಿಡಿಸಿ ಹೇಳಬೇಕಿಲ್ಲ. ಎರಡೂವರೆ ಅಡಿ ಹಳಿಯ ಸಣ್ಣ ರೈಲು ಕೋಲಾರದಿಂದ ಬಂದು ಬಂಗಾರಪೇಟೆಯಲ್ಲಿ ನಿಲ್ಲುತ್ತಿತ್ತು. ಅಲ್ಲಿಂದ ಮೂಟೆ ಹೊತ್ತು ದೊಡ್ಡ ರೈಲಿಗೆ ಓಡಬೇಕು. ಸಣ್ಣದು ತಡವಾದರೆ ದೊಡ್ಡದು ಕಾಯುತ್ತಿರಲಿಲ್ಲ ಅಂತ ನಮ್ಮಪ್ಪ ಈಗಲೂ ಬೈಯುತ್ತಾರೆ. ಬ್ರಾಡ್‌ಗೇಜ್ ಆದ ಮೇಲಷ್ಟೇ ಆ ಓಟ ತಪ್ಪಿದ್ದು. ಈಗ ಮತ್ತೆ ಎರಡು ಅಳತೆಯ ಹಳಿ ಬರುವುದಾದರೆ ಎರಡೂ ಒಂದೇ ಸೂರಿನಡಿ ಇರಲಿ, ಕೋಲಾರ, ಮಾರಿಕುಪ್ಪಂ ಕಡೆಯ ರೈಲುಗಳ ವೇಳೆ ಅದಕ್ಕೆ ಹೊಂದಲಿ.

ಟಿಕೆಟ್ ದರವನ್ನು ಈಗಲೇ ಊಹಿಸುವುದರಲ್ಲಿ ಅರ್ಥವಿಲ್ಲ. ಆದರೆ ಜಪಾನಿನಲ್ಲಿ ಅಲ್ಲಿನ ಬುಲೆಟ್ ರೈಲು ಶಿಂಕಾನ್ಸೆನ್‌ಗೂ ದಿನಾ ಓಡಾಡುವವರ ಪಾಸ್ ಇದೆ. ನಮ್ಮಲ್ಲಿ ಸಾರ್ವಜನಿಕ ಸಭೆ ಕರೆದರೆ ವೇಗದ ವಿಷಯ ಬೇರೆಯವರು ಕೇಳಿಕೊಳ್ಳಲಿ, ನಾನು ಕೇಳುವುದು ಎರಡೇ: ನಿಲ್ದಾಣ ಜಂಕ್ಷನ್‌ನಿಂದ ಎಷ್ಟು ದೂರ, ಪಾಸ್ ಕೊಡುತ್ತೀರಾ?