ಆ ಹನ್ನೊಂದು ಜನರನ್ನು ನನಗೆ ಕೊಡಿ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಮೆಥೋಡಿಸ್ಟ್ ಎಂಬ ಕ್ರೈಸ್ತ ಪಂಗಡದ, ಬೀದರ್ ಕಡೆಯ ನಿವೃತ್ತ ಸಭಾಪಾಲಕರೊಬ್ಬರ ಲೇಖನ ಓದಿದೆ. ತಮ್ಮ ನಂಬಿಕೆ ಬದುಕಿದ್ದು ಭಾನುವಾರದ ಪೀಠದ ಮೇಲಲ್ಲ, ಉಳಿದ ಆರು ದಿನ ಜನರ ಮನೆ ಜಗುಲಿಯಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಎಂದು ಬರೆದಿದ್ದಾರೆ. ಬರವಣಿಗೆ ಚೆನ್ನಾಗಿದೆ, ವಿಚಾರ ಒಪ್ಪಲಾರೆ. ಭಕ್ತಿ ಮನೆಯೊಳಗಿನ ದೀಪ. ಬೀದಿಗೆ ತಂದರೆ ಗಾಳಿಗೆ ಆರುತ್ತದೆ. ನಾನು ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ದುಡಿದವನು. ನಾಲ್ಕು ಜನ ಸೇರಿದ ಕಡೆ ಕಮಿಟಿ ಆಗುತ್ತದೆ, ಕಮಿಟಿ ಆದ ಕಡೆ ಜಗಳ ಆಗುತ್ತದೆ. ದೇವರಿಗೂ ನನಗೂ ನಡುವೆ ಇಷ್ಟು ಜನ ಯಾಕೆ ಬೇಕು?
– ಓದುಗರೊಬ್ಬರು, ಮೈಸೂರು (ಹೆಸರು ಬೇಡವೆಂದಿದ್ದಾರೆ)

ಸಂಪಾದಕರ ಉತ್ತರ: ಕಮಿಟಿಯ ಮಾತು ನಿಜ ಸಾರ್. ಗುಡಿ, ಮಸೀದಿ, ಚರ್ಚು, ಸಾಹಿತ್ಯದ ಸಂಘ, ಎಲ್ಲಿ ನೋಡಿದರೂ ಅದೇ. ಏಕಾಂತ ಬೇಡ ಅಂತಲೂ ನಾನು ಹೇಳುವುದಿಲ್ಲ. ಮೆಥೋಡಿಸ್ಟರ ಮೂಲಪುರುಷ ಜಾನ್ ವೆಸ್ಲಿಯೇ ಬೆಳಗಿನ ನಾಲ್ಕಕ್ಕೆ ಎದ್ದು ಒಬ್ಬನೇ ಪ್ರಾರ್ಥನೆಗೆ ಕೂರುತ್ತಿದ್ದ. ಇಷ್ಟನ್ನು ನಿಮ್ಮ ಖಾತೆಗೆ ಜಮಾ ಮಾಡಿದ್ದೇನೆ. ಇನ್ನು ಮುಂದೆ ನನ್ನ ಸರದಿ.

ಮೊದಲು ಆ ದೀಪದ ವಿಚಾರ. ನಮ್ಮಜ್ಜಿ ಬೆಂಕಿಪೊಟ್ಟಣ ಉಳಿಸುವ ಕಾಲದವರು. ಸಂಜೆ ಒಲೆ ಹಚ್ಚಲು ಬೆರಣಿ ಚೂರು ಹಿಡಿದು ಪಕ್ಕದ ಮನೆಗೆ ಕೆಂಡ ತರಲು ಹೋಗುತ್ತಿದ್ದರು. ಕೆಂಡ ತರುವುದಕ್ಕೆ ಎರಡು ನಿಮಿಷ ಸಾಕು. ಅಜ್ಜಿಗೆ ಅರ್ಧ ಗಂಟೆ ಬೇಕಿತ್ತು. ಆ ಮನೆಯ ಸೊಸೆಗೆ ಜ್ವರವೋ, ಹಸು ಕರು ಹಾಕಿತೋ, ಎಲ್ಲ ತಿಳಿದುಕೊಂಡೇ ಬರುತ್ತಿದ್ದರು. ಮನೆಯೊಳಗಿನ ದೀಪ ಅಂದಿರಲ್ಲ, ನಮ್ಮ ಮನೆಯದ್ದು ಬೀದಿ ದಾಟಿಯೇ ಒಳಗೆ ಬರುತ್ತಿತ್ತು.

ನೀವು ಬ್ಯಾಂಕಿನವರಾದ್ದರಿಂದ ಒಂದು ಸಾಲ ವಸೂಲಿಯ ಕಥೆ ಹೇಳುತ್ತೇನೆ. 1739ರಲ್ಲಿ ವೆಸ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಬಯಲಿನಲ್ಲಿ ನಿಂತು ಬೋಧಿಸಲು ಶುರುಮಾಡಿದ. ಹತ್ತಿರದ ಕಿಂಗ್ಸ್‌ವುಡ್‌ನ ಕಲ್ಲಿದ್ದಲು ಗಣಿಯ ಕೂಲಿಗಳು ಮಸಿ ಮುಖದಲ್ಲೇ ಬಂದು ಕೇಳುತ್ತಿದ್ದರು. ಅದೇ ವರ್ಷ ಜನ ಸೇರಲು ನ್ಯೂ ರೂಮ್ ಎಂಬ ಒಂದು ಕಟ್ಟಡ ಎದ್ದಿತು. ಕಟ್ಟಡದ ಜೊತೆ ಸಾಲವೂ ಎದ್ದಿತು, ಅದು ನಿಮಗೆ ಹೇಳಬೇಕಿಲ್ಲ. 1742ರ ಫೆಬ್ರವರಿಯಲ್ಲಿ ಸಾಲ ತೀರಿಸುವ ದಾರಿ ಹುಡುಕಲು ಎಲ್ಲರೂ ಕೂತರು. ಕ್ಯಾಪ್ಟನ್ ಫೋಯ್ ಎಂಬಾತ ಎದ್ದು, ಒಬ್ಬೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಅಂದ. ಬಡವರು ಎಲ್ಲಿಂದ ತರುತ್ತಾರೆ ಅಂತ ಇನ್ನೊಬ್ಬ ಕೇಳಿದ. ಅದಕ್ಕೆ ಫೋಯ್ ಹೇಳಿದ್ದರ ತಿರುಳು ಇದು: ಎಲ್ಲರಿಗಿಂತ ಬಡವರಾದ ಹನ್ನೊಂದು ಜನರನ್ನು ನನಗೆ ಕೊಡಿ. ಪ್ರತಿ ವಾರ ಅವರ ಮನೆಗೆ ಹೋಗುತ್ತೇನೆ. ಕೊಟ್ಟರೆ ಸರಿ. ಕೊಡಲು ಆಗದಿದ್ದರೆ ಅವರ ಪಾಲನ್ನೂ ನಾನೇ ತುಂಬುತ್ತೇನೆ.

ಸಾರ್, ನಿಮ್ಮ ಮೂವತ್ತೆರಡು ವರ್ಷದ ನೌಕರಿಯಲ್ಲಿ ವಸೂಲಾಗದ ಖಾತೆಗಳನ್ನೇ ಆರಿಸಿ ಕೇಳಿ ಪಡೆದ ಒಬ್ಬ ಅಧಿಕಾರಿಯನ್ನು ನೋಡಿದ್ದೀರಾ?

ಮುಂದೆ ಆದದ್ದು ಇನ್ನೂ ಸ್ವಾರಸ್ಯ. ಫೋಯ್‌ನಂತೆ ವಾರವಾರ ಕಾಸಿಗೆ ಹೋದವರು ಬರಿಗೈಯಲ್ಲಿ ಬಂದರೂ ಸುದ್ದಿ ತುಂಬಿಕೊಂಡು ಬಂದರು. ಒಬ್ಬ ಹೆಂಡತಿಯ ಜೊತೆ ಜಗಳಕ್ಕೆ ಬಿದ್ದಿದ್ದಾನೆ, ಇನ್ನೊಬ್ಬ ಕುಡಿದಿದ್ದಾನೆ. ಭಾನುವಾರ ಸಾಲಾಗಿ ಕೂತಾಗ ಇದು ಯಾವುದೂ ಕಂಡಿರಲಿಲ್ಲ. ಇಷ್ಟು ದಿನ ಹುಡುಕುತ್ತಿದ್ದುದು ಇದನ್ನೇ ಅಂತ ವೆಸ್ಲಿಗೆ ಆಗ ಹೊಳೆಯಿತು. ಮನೆಮನೆಗೆ ಹೋಗುವುದು ಕಷ್ಟವಾಗಿತ್ತು. ಎಷ್ಟೋ ಜನ ಧಣಿಗಳ ಮನೆಯಲ್ಲೇ ಇದ್ದ ಆಳುಗಳು, ಅಲ್ಲಿಗೆ ಹೋಗುವಂತಿರಲಿಲ್ಲ. ಹಾಗಾಗಿ ಸುಮಾರು ಹನ್ನೆರಡು ಜನರ ಗುಂಪೇ ವಾರಕ್ಕೊಮ್ಮೆ ಒಂದು ಕಡೆ ಸೇರತೊಡಗಿತು. ಅದಕ್ಕೆ ಕ್ಲಾಸ್ ಅಂತ ಹೆಸರು. ನಮ್ಮ ಹೆಂಗಸರ ಸ್ವಸಹಾಯ ಸಂಘದ ವಾರದ ಸಭೆ ನೋಡಿದ್ದೀರಲ್ಲ? ಅಲ್ಲಿ ಕಂತಿನ ದುಡ್ಡು ಎಣಿಸುವುದಕ್ಕಿಂತ ಜಾಸ್ತಿ ಹೊತ್ತು ಹೋಗುವುದು ಯಾವುದಕ್ಕೆ ಅಂತ ನಮ್ಮ ಮನೆಯವರನ್ನು ಕೇಳಿ, ಹೇಳುತ್ತಾರೆ.

ನಂಬಿಕೆ ಅಂದರೆ ನನ್ನ ಎದೆಯ ಒಳಗಿನ ವಿಷಯ ಅಂತೀರಿ. ವೆಸ್ಲಿಯ ಎದೆಯಲ್ಲೂ ಅಂಥದ್ದೊಂದು ಆಯಿತು. 1738ರ ಮೇ 24ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯಲ್ಲಿ. ಎದೆ ವಿಚಿತ್ರವಾಗಿ ಬೆಚ್ಚಗಾಯಿತು ಎಂದು ತಾನೇ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ಆದರೆ ಆಗ ಅವನು ಎಲ್ಲಿದ್ದ? ಕೋಣೆಯ ಬಾಗಿಲು ಹಾಕಿಕೊಂಡಿರಲಿಲ್ಲ. ಒಂದು ಸಣ್ಣ ಕೂಟದಲ್ಲಿ ಕೂತಿದ್ದ. ಅಲ್ಲಿ ಯಾರೋ ಜರ್ಮನಿಯ ಧರ್ಮಸುಧಾರಕ ಲೂಥರನ ಬರಹ ಓದುತ್ತಿದ್ದರು. ಅದಕ್ಕೂ ಮಿಗಿಲಾಗಿ, ಅವತ್ತು ಆ ಕೂಟಕ್ಕೆ ಹೋಗಲು ಅವನಿಗೆ ಮನಸ್ಸೇ ಇರಲಿಲ್ಲವಂತೆ! ನೀವು, ನಾನು ಆಗಿದ್ದರೆ ಮನೆಯಲ್ಲೇ ಉಳಿದುಬಿಡುತ್ತಿದ್ದೆವು, ಅಲ್ವಾ?

ಮರುವರ್ಷವೇ ಅವನು ಒಂದು ಹಾಡಿನ ಪುಸ್ತಕದ ಮುನ್ನುಡಿಯಲ್ಲಿ, ಯೇಸುವಿನ ಸುವಾರ್ತೆಗೆ ಸಮುದಾಯವಿಲ್ಲದ ಪಾವಿತ್ರ್ಯ ಗೊತ್ತೇ ಇಲ್ಲ ಅಂತ ಖಂಡಿತವಾಗಿ ಬರೆದ. ಬರೆದು ಸುಮ್ನೆ ಕೂರಲಿಲ್ಲ. 1746ರಲ್ಲಿ ಲಂಡನ್ನಿನಲ್ಲಿ ಬಡವರಿಗೆ ಪುಕ್ಕಟೆ ಔಷಧಿ ಕೊಡಲು ಶುರುಮಾಡಿದ. ಅದೇ ವರ್ಷ ಸಣ್ಣ ಸಾಲದ ನಿಧಿಯೊಂದನ್ನೂ ತೆರೆದ. ಮೂರು ತಿಂಗಳಲ್ಲಿ ತೀರಿಸಬೇಕು. ನಿಮಗೆ ಈಗಲಾದರೂ ಅವನ ಮೇಲೆ ಪ್ರೀತಿ ಬಂದಿರಬೇಕು. ನನಗೆ ಎಲ್ಲಕ್ಕಿಂತ ಇಷ್ಟವಾಗುವುದು 1785ರ ಜನವರಿ. ಅವನಿಗೆ ಆಗ 81 ವರ್ಷ. ಬಡವರಿಗೆ ಬಟ್ಟೆ ಕೊಡಿಸಬೇಕೆಂದು ಐದು ದಿನ ಲಂಡನ್ನಿನ ಬೀದಿ ಅಲೆದು 200 ಪೌಂಡ್ ಬೇಡಿ ತಂದ. ಬೀದಿಯಲ್ಲಿ ಕರಗುತ್ತಿದ್ದ ಹಿಮ ಕಾಲಿನ ಗೆಣ್ಣುವರೆಗೆ ಇತ್ತಂತೆ. ಊರೆಲ್ಲ ಕೂಡಿಸಿದ ಈ ಮನುಷ್ಯನಿಗೆ ಕಟ್ಟಿಕೊಂಡ ಹೆಂಡತಿಯ ಜೊತೆ ಮಾತ್ರ ಕೂಡಿ ಬಾಳಲು ಆಗಲಿಲ್ಲ. ಅದನ್ನು ಮುಚ್ಚಿಟ್ಟರೆ ನೀವು ಇನ್ನೊಂದು ಪತ್ರ ಬರೆಯುತ್ತೀರಿ.

ಇದೆಲ್ಲ ಇಂಗ್ಲೆಂಡಿನ ಮಾತಾಯಿತು ಎನ್ನಬೇಡಿ. ನಿಮ್ಮೂರಿನ ಮಿಷನ್ ಆಸ್ಪತ್ರೆ, ಅಂದರೆ 1906ರ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಈ ವೆಸ್ಲಿಯ ಕಡೆಯವರು ಕಟ್ಟಿದ್ದೇ. ನನ್ನ ಕಸುಬಿಗೂ ಅವರ ಋಣ ಇದೆ. ಮೈಸೂರಿನಲ್ಲಿ 1887ರಲ್ಲಿ ‘ವೃತ್ತಾಂತ ಪತ್ರಿಕೆ’ ಹೊರಡಿಸಿದ್ದು ವೆಸ್ಲಿಯನ್ ಮಿಷನ್. ನಿಮ್ಮ ಕಡೆಯ ವೆಸ್ಲಿಯನ್ ಸಭೆಗಳು 1947ರ ಸೆಪ್ಟೆಂಬರಿನಲ್ಲಿ ಹಲವು ಕ್ರೈಸ್ತ ಪಂಗಡಗಳು ಕೂಡಿ ಆದ ದಕ್ಷಿಣ ಭಾರತ ಸಭೆಗೆ ಸೇರಿದವು, ಆದರೂ ನಿಮ್ಮೂರಿನ ಚರ್ಚಿನ ಹೆಸರು ಇವತ್ತಿಗೂ ವೆಸ್ಲಿ ಕೆಥೆಡ್ರಲ್. ಬೀದರ್, ಕೋಲಾರ, ಬೆಳಗಾವಿಯ ಕಡೆ ಅಮೆರಿಕದ ಮೆಥೋಡಿಸ್ಟರ ಕವಲು. ಅವರು ಮೆಥೋಡಿಸ್ಟರಾಗಿಯೇ ಉಳಿದರು. ನಮ್ಮ ಲೇಖಕರು ಆ ಕವಲಿನವರು.

ನಿಮ್ಮ ಪತ್ರವನ್ನು ಅವರಿಗೆ ಫೋನಿನಲ್ಲಿ ಓದಿ ಹೇಳಿದೆ. ಸಿಟ್ಟಾಗಲಿಲ್ಲ, ನಕ್ಕರು. "ಸಾಹೇಬ್ರು ಹೇಳೋದು ಖರೇನ ಅದ. ಕಮಿಟಿ ಜಗಳ ನಾನೂ ಭಾಳ ನೋಡೀನಿ" ಅಂದರು. ಆಮೇಲೆ, "ನಾ ಚರ್ಚಿನಾಗ ಮಾಡಿದ ಪ್ರಸಂಗ ಒಂದೂ ಯಾರಿಗೂ ನೆನಪಿಲ್ರಿ. ದವಾಖಾನಿ ಹೊರಗ ಅವರ ಜೋಡಿ ಕುಂತಿದ್ದು ನೆನಪದ" ಅಂದರು. ಊರಿನವರು ಅವರನ್ನು ಈಗಲೂ ಅಯ್ಯನವರು ಎಂದೇ ಕರೆಯುತ್ತಾರೆ. ಅವರ ಹತ್ತಿರ ಕಿರಾಣಿ ಅಂಗಡಿಯ ಖಾತೆ ಪುಸ್ತಕದಂಥ ಒಂದು ಉದ್ದ ಪುಸ್ತಕ ಇದೆ. ಮನೆಗೊಂದು ಹಾಳೆ. ಯಾರ ಮಗಳ ಪರೀಕ್ಷೆ ಯಾವಾಗ, ಯಾರ ತೊಗರಿ ಒಣಗಿತು, ಯಾರ ಮನೆಗೆ ಹೋಗದೆ ಎಷ್ಟು ದಿನವಾಯಿತು, ಎಲ್ಲ ಅದರಲ್ಲಿ. ದುಡ್ಡಿನ ಲೆಕ್ಕ ಮಾತ್ರ ಇಲ್ಲ.

ಈಗ ನನ್ನ ಮಾತು. ನಾನಿರುವುದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ. ಜಾಹೀರಾತಿನಲ್ಲಿ ಅದನ್ನು ‘ಗೇಟೆಡ್ ಕಮ್ಯುನಿಟಿ’ ಅಂತ ಕರೆದಿದ್ದರು. ಗೇಟು ಇದೆ. ಹೋದ ವರ್ಷ ನನ್ನ ತಲೆಯ ಮೇಲಿನ ಮನೆಯ ಹಿರಿಯರು ಬಚ್ಚಲಲ್ಲಿ ಜಾರಿ ಬಿದ್ದು, ಆಸ್ಪತ್ರೆಯಲ್ಲಿ ಮೂರು ದಿನವಿದ್ದು ತೀರಿಕೊಂಡರು. ನನಗೆ ಗೊತ್ತಾಗಿದ್ದು ವಾಟ್ಸಾಪ್ ಗುಂಪಿನಲ್ಲಿ. ಕೈಮುಗಿದ ಚಿತ್ರಗಳು ಸಾಲಾಗಿ ಬಿದ್ದವು, ನನ್ನದೂ ಒಂದು. ಅದರ ಕೆಳಗೇ ನೀರಿನ ಟ್ಯಾಂಕರ್ ಯಾಕೆ ಬಂದಿಲ್ಲ ಅಂತ ಒಬ್ಬರು ಕೇಳಿದರು. ಒಂದು ಮಹಡಿ ಹತ್ತಿದ್ದರೆ ಆಗುತ್ತಿತ್ತು ಸಾರ್. ಹದಿನೆಂಟು ಮೆಟ್ಟಿಲು. ಆಮೇಲೆ ಎಣಿಸಿದೆ.

ಇದು ಬರೀ ನನ್ನ ಸಂಗತಿ ಅಲ್ಲ. ಪೂಜೆ ಮೊಬೈಲಿನಲ್ಲಿ, ಆರಾಧನೆ ಮೊಬೈಲಿನಲ್ಲಿ, ಸಾವಿನ ಮನೆಗೂ ಮೊಬೈಲಿನಲ್ಲೇ ಹೋಗಿ ಬರುತ್ತೇವೆ. ಹುಷಾರಿಲ್ಲದವರಿಗೆ, ದೂರ ಇರುವವರಿಗೆ ಅದು ವರವೇ ಸರಿ. ಕಾಲು ಗಟ್ಟಿ ಇರುವವರಿಗೂ ಯಾಕೆ? ನಮ್ಮ ಪತ್ರಿಕೆಯ ಓದುಗರ ಬಳಗವನ್ನೇ ನೋಡಿ. ಒಂದು ಕಾಲಕ್ಕೆ ತಿಂಗಳಿಗೊಮ್ಮೆ ಮೂವತ್ತು ಜನ ಚಾಪೆಯ ಮೇಲೆ ಕೂತು ಬೈದಾಡುತ್ತಿದ್ದರು. ಈಗ ‘ಲಿಂಕ್ ಕಳಿಸಿ’ ಅಂತಾರೆ. ಲಿಂಕ್ ಕಳಿಸಿದರೆ ಒಬ್ಬರೂ ಬೈಯುವುದಿಲ್ಲ. ಕ್ಯಾಮೆರಾ ಆರಿಸಿ ಚಪಾತಿ ಲಟ್ಟಿಸುತ್ತಿರುತ್ತಾರೆ. ಸದ್ದು ಕೇಳಿಸುತ್ತದೆ.

ನೀವಾದರೂ ಇನ್‌ಲ್ಯಾಂಡ್ ಪತ್ರ ಹುಡುಕಿ ತಂದು, ಮೂರು ಮಗ್ಗುಲೂ ತುಂಬುವಷ್ಟು ಜಗಳ ಬರೆದಿದ್ದೀರಿ. ಜನ ಬೇಡ ಅನ್ನುವವರು ಇಷ್ಟೊಂದು ಬರೆಯುವುದಿಲ್ಲ ಬಿಡಿ.

ಅಂದಹಾಗೆ, ನಿಮ್ಮ ಚಂದಾ ಮುಗಿದು ಎರಡು ತಿಂಗಳಾಯಿತು ಅಂತ ನಮ್ಮ ಆಫೀಸಿನ ಹುಡುಗಿ ನೆನಪಿಸಿದಳು. ನೋಟಿಸು ಕಳಿಸುವುದು ಬೇಡ ಅಂದಿದ್ದೇನೆ. ಬರುವ ಭಾನುವಾರ ಮೈಸೂರಿನಲ್ಲಿ ನನಗೆ ಕೆಲಸವಿದೆ, ವಸೂಲಿಗೆ ನಾನೇ ಬರೋಣ ಅಂತ. ಹನ್ನೊಂದರ ಹೊತ್ತಿಗೆ ಮನೆಯಲ್ಲಿ ಇರ್ತೀರಾ? ಕಾಫಿಗೆ ಸಕ್ಕರೆ ಕಮ್ಮಿ.