ಪ್ರಾರ್ಥನೆ ಬಿಟ್ಟವರೆಲ್ಲ ನಾಸ್ತಿಕರೇ?

ನಿಮ್ಮ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ನಾಸ್ತಿಕ, ಅಜ್ಞೇಯವಾದಿ, ವಿಚಾರವಾದಿ, ಸೆಕ್ಯುಲರ್ ಇವೆಲ್ಲ ಒಂದೇನಾ ಎಂದು ಕೇಳಿದ್ದೀರಿ. ಜೊತೆಗೆ, "ಪ್ರಾರ್ಥನೆ ಬಿಟ್ಟು ವರ್ಷಗಳಾದವು, ಆದರೂ ಯಾವುದೋ ಒಂದು ಶಕ್ತಿ ಇರಬೇಕು ಅನ್ನಿಸುತ್ತೆ, ಹಾಗಾದರೆ ನಾನು ನಾಸ್ತಿಕನಾ?" ಎಂದೂ ಕೇಳಿದ್ದೀರಿ. ಎರಡನೆಯದಕ್ಕೆ ನನ್ನ ಉತ್ತರ: ಅಲ್ಲ. ಯಾಕೆ ಎಂದು ಹೇಳಲು ಸ್ವಲ್ಪ ಸುತ್ತಿ ಬರಬೇಕು.

ನಾನು ನಾಸ್ತಿಕ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಯಾವ ಕಡೆಯವನು ಎಂದು ತಿಳಿದುಕೊಂಡೇ ಮುಂದೆ ಓದಿ.

ಬೀಗ ಹಾಕಿದ ಒಂದು ಮನೆ ಇದೆ ಎಂದುಕೊಳ್ಳಿ. "ಒಳಗೆ ಯಜಮಾನ ಇದ್ದಾನೆ" ಎಂದು ಒಬ್ಬರು ಹೇಳುತ್ತಾರೆ. ನಾನು ಬಾಗಿಲು ತಟ್ಟಿದೆ, ಕಿಟಕಿಯಲ್ಲಿ ಇಣುಕಿದೆ, ರಾತ್ರಿ ದೀಪ ಹತ್ತುತ್ತದಾ ಎಂದು ಕಾದು ನೋಡಿದೆ. ಏನೂ ಕಾಣಲಿಲ್ಲ. ಹಾಗಾಗಿ "ಒಳಗೆ ಯಾರೋ ಇದ್ದಾರೆ ಎಂದು ನಾನು ನಂಬುವುದಿಲ್ಲ" ಎನ್ನುತ್ತೇನೆ. ನನ್ನ ನಾಸ್ತಿಕತೆ ಇಷ್ಟೇ. ಇನ್ನೊಬ್ಬ ಒಂದು ಹೆಜ್ಜೆ ಮುಂದೆ ಹೋಗಿ "ಆ ಮನೆ ಖಾಲಿ, ಖಂಡಿತ" ಎನ್ನಬಹುದು. ಅವನೂ ನಾಸ್ತಿಕನೇ. ಆದರೆ ನಮ್ಮಿಬ್ಬರ ಮಾತು ಒಂದೇ ಅಲ್ಲ. ಅವನು ತಾನೇ ಒಂದು ವಾದ ಹೂಡಿದ್ದಾನೆ, ಅದಕ್ಕೆ ಕಾರಣ ಕೊಡಬೇಕು. ನಾನು ಬೇರೆಯವರ ವಾದವನ್ನು ಒಪ್ಪಿಕೊಂಡಿಲ್ಲ, ಅಷ್ಟೇ. ಬ್ರಿಟನ್ನಿನ ತತ್ವಜ್ಞಾನಿ ಆಂಟನಿ ಫ್ಲೂ 1970ರ ದಶಕದಲ್ಲಿ ಈ ಎರಡನ್ನೂ ಬಿಡಿಸಿಟ್ಟು, ನನ್ನಂಥವರಿಗೂ ನಾಸ್ತಿಕ ಎಂಬ ಹೆಸರು ಸಲ್ಲುತ್ತದೆ ಎಂದು ವಾದಿಸಿದರು. ಎಲ್ಲರೂ ಇದನ್ನು ಒಪ್ಪುವುದಿಲ್ಲ. "ದೇವರಿಲ್ಲ" ಎಂದು ಗಟ್ಟಿಯಾಗಿ ಹೇಳುವವರಿಗೆ ಮಾತ್ರ ಆ ಹೆಸರು ಎನ್ನುವ ತತ್ವಜ್ಞಾನಿಗಳೂ ಇದ್ದಾರೆ.

"ಇಲ್ಲ ಅಂತ ಸಾಬೀತು ಮಾಡಿ ನೋಡೋಣ" ಎಂದು ನನಗೆ ಎಷ್ಟೋ ಜನ ಸವಾಲು ಹಾಕಿದ್ದಾರೆ. ತತ್ವಜ್ಞಾನಿ ಬರ್ಟ್ರಂಡ್ ರಸೆಲ್ 1952ರಲ್ಲಿ ಇದಕ್ಕೆ ತಮಾಷೆಯ ಉತ್ತರ ಕೊಟ್ಟಿದ್ದರು. ಭೂಮಿಗೂ ಮಂಗಳಕ್ಕೂ ನಡುವೆ ಒಂದು ಪಿಂಗಾಣಿ ಟೀ ಪಾತ್ರೆ ಸೂರ್ಯನನ್ನು ಸುತ್ತುತ್ತಿದೆ, ಅದು ಯಾವ ದೂರದರ್ಶಕಕ್ಕೂ ಕಾಣದಷ್ಟು ಚಿಕ್ಕದು ಎಂದು ನಾನು ಹೇಳಿದರೆ, ಇಲ್ಲ ಎಂದು ಯಾರೂ ತೋರಿಸಲಾರರು. ಹಾಗೆಂದು ನೀವು ನಂಬಿಬಿಡುತ್ತೀರಾ? ಇದೆ ಎಂದವರೇ ತೋರಿಸಬೇಕು, ಅಲ್ವಾ?

ಈಗ ಅಜ್ಞೇಯವಾದ. ಜಾಸ್ತಿ ಗೊಂದಲ ಇರುವುದು ಇಲ್ಲೇ. ಆಸ್ತಿಕ ಈ ಕಡೆ, ನಾಸ್ತಿಕ ಆ ಕಡೆ, ಅಜ್ಞೇಯವಾದಿ ನಡುವಿನ ಗೋಡೆ ಮೇಲೆ ಕೂತವನು ಎಂದು ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಇಂಗ್ಲಿಷಿನಲ್ಲಿ ಇದಕ್ಕೆ "ಅಗ್ನಾಸ್ಟಿಕ್" ಎಂಬ ಹೆಸರನ್ನು 1869ರಲ್ಲಿ ಹುಟ್ಟುಹಾಕಿದವರು ಥಾಮಸ್ ಹೆನ್ರಿ ಹಕ್ಸ್‌ಲಿ, ಡಾರ್ವಿನ್ ಪರವಾಗಿ ಜೋರಾಗಿ ವಾದ ಮಾಡುತ್ತಿದ್ದ ಜೀವವಿಜ್ಞಾನಿ. ಸುತ್ತಲಿನವರೆಲ್ಲ ಇಂಥ ದೊಡ್ಡ ವಿಷಯಗಳು ತಮಗೆ ಗೊತ್ತೇ ಗೊತ್ತು ಎನ್ನುತ್ತಿದ್ದಾಗ, ತನಗೆ ಗೊತ್ತಿಲ್ಲ ಎಂದು ಹೇಳಿಕೊಳ್ಳಲು ಅವರಿಗೆ ಒಂದು ಹೆಸರು ಬೇಕಿತ್ತು. ಅಂದರೆ ಅವರ ಮಾತು ಅರಿವಿನ ಬಗ್ಗೆ. ನಂಬಿಕೆಯ ಪ್ರಶ್ನೆ ಬೇರೆ.

"ನಂಬ್ತೀಯಾ?" ಎನ್ನುವುದು ಒಂದು ಪ್ರಶ್ನೆ. "ನಿನಗೆ ಗೊತ್ತಾ?" ಎನ್ನುವುದು ಇನ್ನೊಂದು. ಬೀಗ ಹಾಕಿದ ಮನೆಯ ಒಳಗೆ ಏನಿದೆ ಎಂದು ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿರುವಂತೆ ಕಾಣುವುದಿಲ್ಲ. ಆ ಲೆಕ್ಕದಲ್ಲಿ ನಾನು ಅಜ್ಞೇಯವಾದಿ. ಒಳಗೆ ಯಾರೋ ಇದ್ದಾರೆ ಎಂದು ನಂಬಿ ನಡೆಯುವುದೂ ಇಲ್ಲ. ಆ ಲೆಕ್ಕದಲ್ಲಿ ನಾಸ್ತಿಕ. ಎರಡೂ ಒಟ್ಟಿಗೆ ಆಗಬಹುದು. "ಗೊತ್ತಿಲ್ಲಪ್ಪಾ, ಆದರೂ ನಂಬ್ತೀನಿ" ಎನ್ನುವ ಭಕ್ತರೂ ಬೇಕಾದಷ್ಟು ಇದ್ದಾರೆ. ಪ್ರಾಮಾಣಿಕ ಭಕ್ತರಲ್ಲಿ ಹೆಚ್ಚಿನವರು ಇವರೇ ಎಂದು ನನ್ನ ಅನುಮಾನ. ಎರಡೂ ಕಡೆ ತೂಗಿ ನೋಡಿ, ಯಾವ ಕಡೆಗೂ ವಾಲದೆ ತೀರ್ಪನ್ನೇ ತಡೆಹಿಡಿದವರೂ ಉಂಟು. ಅವರು ತಮ್ಮನ್ನು ಅಜ್ಞೇಯವಾದಿ ಎಂದಷ್ಟೇ ಕರೆದುಕೊಂಡರೆ ನನ್ನ ತಕರಾರಿಲ್ಲ.

ಹೆಸರು ಹೊಸದು, ಅನುಮಾನ ತುಂಬಾ ಹಳೆಯದು. ಋಗ್ವೇದದ 10ನೇ ಮಂಡಲದ 129ನೇ ಸೂಕ್ತ ಸೃಷ್ಟಿ ಎಲ್ಲಿಂದ ಬಂತು ಎಂದು ಕೇಳುತ್ತದೆ. ಮೇಲಿನಿಂದ ಇದನ್ನೆಲ್ಲ ನೋಡುವವನಿಗೆ ಗೊತ್ತಿರಬಹುದು, ಅಥವಾ ಅವನಿಗೂ ಗೊತ್ತಿಲ್ಲವೇನೋ ಎನ್ನುವಲ್ಲಿಗೆ ಅದು ಮುಗಿಯುತ್ತದೆ.

ವೇದದ ಮಾತು ಬಂತಲ್ಲ, ನಮ್ಮ "ನಾಸ್ತಿಕ" ಪದದ್ದೇ ಒಂದು ಕತೆ ಇದೆ. ಅದರ ಬೇರು "ನ ಅಸ್ತಿ", ಅಂದರೆ ಇಲ್ಲ. ಏನು ಇಲ್ಲ? ದೇವರು ಎಂದು ಪದದೊಳಗೆ ಎಲ್ಲೂ ಹೇಳಿಲ್ಲ. ಪಾಣಿನಿಯ ಸೂತ್ರಕ್ಕೆ ವ್ಯಾಖ್ಯಾನ ಬರೆದವರು ಪರಲೋಕ ಇಲ್ಲ ಎನ್ನುವವನು ಎಂದು ಅರ್ಥ ಮಾಡಿದರು. ಮನುಸ್ಮೃತಿಗೆ ವೇದವನ್ನು ನಿಂದಿಸುವವನು ನಾಸ್ತಿಕ. ದರ್ಶನಗಳನ್ನು, ಅಂದರೆ ತತ್ವಚಿಂತನೆಯ ಪಂಥಗಳನ್ನು, ವಿಂಗಡಿಸುವಾಗ ಈ ವೇದದ ಲೆಕ್ಕವೇ ನಿಂತಿತು. ಅದರಿಂದ ಆದದ್ದು ನೋಡಿ. ಹಳೆಯ ಸಾಂಖ್ಯಕ್ಕೆ ಸೃಷ್ಟಿಕರ್ತ ಬೇಕಿಲ್ಲ. ಮೀಮಾಂಸೆಯ ಕುಮಾರಿಲ ಭಟ್ಟ ಸೃಷ್ಟಿಕರ್ತ ಇದ್ದಾನೆ ಎನ್ನುವುದನ್ನೇ ಖಂಡಿಸಿದವನು. ಆದರೂ ಇವೆರಡೂ ಆಸ್ತಿಕ ದರ್ಶನಗಳು, ವೇದವನ್ನು ಪ್ರಮಾಣವೆಂದು ಒಪ್ಪುತ್ತವಲ್ಲ! ಜೈನರು, ಬೌದ್ಧರು, ಚಾರ್ವಾಕರು ವೇದ ಒಪ್ಪುವುದಿಲ್ಲ, ಆದ್ದರಿಂದ ಮೂವರೂ ನಾಸ್ತಿಕರ ಸಾಲಿಗೆ. ಜೈನರಿಗೂ ಬೌದ್ಧರಿಗೂ ಕರ್ಮ ಇದೆ, ಮರುಹುಟ್ಟು ಇದೆ, ಬೇರೆ ಲೋಕಗಳಿವೆ. ಇದ್ಯಾವುದೂ ಬೇಡ ಎಂದವರು ಚಾರ್ವಾಕರು ಮಾತ್ರ. ಇಂದಿನ ಅರ್ಥದ ನಾಸ್ತಿಕರಿಗೆ ಹತ್ತಿರ ಬರುವವರು ಅವರು.

ಹಾಗಾಗಿ ದೇವರನ್ನು ನಂಬದವರಿಗೆ "ನಿರೀಶ್ವರವಾದಿ" ಎನ್ನುವುದು ಹೆಚ್ಚು ಸರಿಯಾದ ಪದ. ಆದರೆ ಹಾಗೆಂದರೆ ಎದುರಿಗಿದ್ದವರು "ಅದೇನದು?" ಎಂದು ಕೇಳುತ್ತಾರೆ. ಕೊನೆಗೆ ನಾಸ್ತಿಕ ಎಂದೇ ಹೇಳಬೇಕಾಗುತ್ತದೆ.

ಪಶ್ಚಿಮದಲ್ಲೂ ಈ ಪದ ಬೈಗುಳವಾಗಿಯೇ ಓಡಾಡಿದ್ದು. ಗ್ರೀಕಿನಲ್ಲಿ "ಅಥೆಯೊಸ್" ಎಂದರೆ ದೇವರಿಲ್ಲದವನು. ರೋಮನ್ ಕಾಲದಲ್ಲಿ ಇದನ್ನು ಯಾರಿಗೆ ಅಂಟಿಸುತ್ತಿದ್ದರು ಗೊತ್ತಾ? ಕ್ರೈಸ್ತರಿಗೆ! ಅವರು ರೋಮಿನ ದೇವತೆಗಳಿಗೆ ಕೈ ಮುಗಿಯುತ್ತಿರಲಿಲ್ಲ. 2ನೇ ಶತಮಾನದಲ್ಲಿ ಸ್ಮಿರ್ನಾದ ಬಿಷಪ್ ಪಾಲಿಕಾರ್ಪ್‌ನನ್ನು ಕ್ರೀಡಾಂಗಣಕ್ಕೆ ಎಳೆತಂದಾಗ, "ನಾಸ್ತಿಕರು ತೊಲಗಲಿ" ಎಂದು ಹೇಳಿದರೆ ಬಿಟ್ಟುಬಿಡುತ್ತೇನೆ ಎಂದು ಅಧಿಕಾರಿ ಹೇಳಿದನಂತೆ. ಮುದುಕ ಸುತ್ತಲೂ ನೆರೆದಿದ್ದ ಜನರ ಕಡೆಗೇ ಕೈ ತೋರಿಸಿ "ನಾಸ್ತಿಕರು ತೊಲಗಲಿ" ಎಂದನಂತೆ. ಬಿಡಲಿಲ್ಲ, ಕೊಂದರು. ಕ್ರೈಸ್ತರು ಬರೆದಿಟ್ಟ ಕತೆ ಇದು. "ನಮ್ಮ ದೇವರನ್ನು ಒಪ್ಪದವನು" ಎಂಬ ಈ ಅರ್ಥ ಇವತ್ತಿಗೂ ಪೂರ್ತಿ ಸತ್ತಿಲ್ಲ.

ಮತ್ತೆ ಬೀಗದ ಮನೆಗೆ ಬರೋಣ. "ಯಜಮಾನ ಮನೆ ಕಟ್ಟಿಸಿದ್ದು ನಿಜ, ಆಮೇಲೆ ಊರು ಬಿಟ್ಟು ಹೋದ, ಕಾಗದ ಬರೆದರೂ ಉತ್ತರ ಬರೆಯುವವನಲ್ಲ" ಎನ್ನುವವರಿದ್ದಾರೆ. ಇವರನ್ನು ಡೀಯಿಸ್ಟ್ ಎನ್ನುತ್ತಾರೆ. 18ನೇ ಶತಮಾನದ ಲೇಖಕರಾದ ವೋಲ್ಟೇರ್, ಥಾಮಸ್ ಪೇನ್ ಈ ಗುಂಪಿನವರು. ಚರ್ಚನ್ನು ಕಟುವಾಗಿ ಟೀಕಿಸಿದರು ಎಂದು ಇವರನ್ನು ನಾಸ್ತಿಕರೆಂದು ತಿಳಿಯುವವರು ತುಂಬಾ ಜನ. ಆದರೆ ಇವರು ದೇವರನ್ನು ಒಪ್ಪಿದ್ದರು, ಪವಾಡಗಳನ್ನೂ ದೈವವಾಣಿಯನ್ನೂ ಒಪ್ಪಲಿಲ್ಲ. ಆಗಲೇ ಹೇಳಿದ ಆಂಟನಿ ಫ್ಲೂ ಕೂಡ ಮುಪ್ಪಿನಲ್ಲಿ, 2004ರಲ್ಲಿ, ಈ ಕಡೆಗೆ ಬಂದರು. "ದೊಡ್ಡ ನಾಸ್ತಿಕ ಧರ್ಮಕ್ಕೆ ಶರಣಾದ" ಎಂದು ಕೆಲವರು ಸಂಭ್ರಮಪಟ್ಟರು. ಅವರು ಯಾವ ಧರ್ಮಕ್ಕೂ ಸೇರಿರಲಿಲ್ಲ.

"ಒಳಗೆ ಬೇರೆ ಯಜಮಾನ ಯಾಕೆ, ಈ ಮನೆಯೇ ಯಜಮಾನ" ಎನ್ನುವವರು ಇನ್ನೊಂದು ಬಗೆ. 17ನೇ ಶತಮಾನದ ತತ್ವಜ್ಞಾನಿ ಸ್ಪಿನೋಜಾ ನಿಸರ್ಗವನ್ನೇ ದೇವರೆಂದ. 1656ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಯಹೂದಿ ಸಮುದಾಯ ಅವನನ್ನು ಹೊರಹಾಕಿತ್ತು. ಮುಂದೆ ಅವನನ್ನು ನಾಸ್ತಿಕ ಎಂದು ಬೈದವರೂ ಇದ್ದಾರೆ, ದೈವದಲ್ಲೇ ಮುಳುಗಿದವನು ಎಂದು ಹೊಗಳಿದವರೂ ಇದ್ದಾರೆ. ನಾನು ನಂಬುವುದು ಸ್ಪಿನೋಜಾನ ದೇವರನ್ನು ಎಂದು ಐನ್‌ಸ್ಟೈನ್ 1929ರಲ್ಲಿ ಹೇಳಿದ್ದು ಇದೇ ಅರ್ಥದಲ್ಲಿ, ಪ್ರಾರ್ಥನೆ ಕೇಳಿಸಿಕೊಳ್ಳುವ ದೇವರನ್ನಲ್ಲ.

ಸೆಕ್ಯುಲರ್ ಎನ್ನುವುದಕ್ಕೂ ಮನೆಯೊಳಗೆ ಯಾರಿದ್ದಾರೆ ಎನ್ನುವುದಕ್ಕೂ ಸಂಬಂಧವೇ ಇಲ್ಲ. ಬೀದಿಯ ನಿಯಮಗಳನ್ನು ಆ ಯಜಮಾನನ ಹೆಸರಿನಲ್ಲಿ ಮಾಡಬೇಡಿ ಎನ್ನುವುದಷ್ಟೇ ಅದು. ಪಕ್ಕಾ ಭಕ್ತನೂ ಸೆಕ್ಯುಲರ್ ಆಗಬಹುದು. ನಾಸ್ತಿಕ ಸರ್ಕಾರ ಸೆಕ್ಯುಲರ್ ಆಗಿರಲೇಬೇಕು ಎಂದೇನೂ ಇಲ್ಲ. 1967ರಲ್ಲಿ ಅಲ್ಬೇನಿಯಾ ಚರ್ಚು, ಮಸೀದಿಗಳನ್ನೆಲ್ಲ ಮುಚ್ಚಿಸಿ ತನ್ನನ್ನು ನಾಸ್ತಿಕ ದೇಶ ಎಂದು ಕರೆದುಕೊಂಡಿತು. ಅದನ್ನು ಸೆಕ್ಯುಲರ್ ಎನ್ನಲು ನನಗೆ ಬಾಯಿ ಬರುವುದಿಲ್ಲ.

ವಿಚಾರವಾದ ಎಂದರೆ ತರ್ಕ, ಸಾಕ್ಷ್ಯಗಳನ್ನು ಹಿಡಿದು ಯೋಚಿಸುವ ರೀತಿ. ವಿಚಾರವಾದಿಗಳಲ್ಲಿ ತುಂಬಾ ಜನ ನಾಸ್ತಿಕರು, ಆದರೆ ನಾಸ್ತಿಕರೆಲ್ಲ ವಿಚಾರವಾದಿಗಳಲ್ಲ. ದೇವರಿಲ್ಲ ಎನ್ನುವ ನನ್ನ ಗೆಳೆಯನೊಬ್ಬ ಜಾತಕ ತೋರಿಸದೆ ಕೆಲಸ ಬದಲಾಯಿಸುವುದಿಲ್ಲ! ನಗು ಬರುತ್ತೆ, ಆದರೆ ಅವನೂ ನಾಸ್ತಿಕನೇ. ಹಾಗೆಯೇ ಆಚರಣೆಗಳನ್ನು ಟೀಕಿಸಿದ ಮಾತ್ರಕ್ಕೆ ಯಾರೂ ನಾಸ್ತಿಕರಾಗುವುದಿಲ್ಲ. ವಚನಕಾರರಷ್ಟು ಖಾರವಾಗಿ ಪೊಳ್ಳು ಪೂಜೆಯನ್ನು ಬೈದವರು ಕಡಿಮೆ. ಅವರಷ್ಟು ಆಳವಾದ ಭಕ್ತರೂ ಕಡಿಮೆ. ಇನ್ನು ದೇವರ ಮೇಲೆ ಸಿಟ್ಟು ಮಾಡಿಕೊಂಡವರು. ಅವರು ನಾಸ್ತಿಕರಲ್ಲವೇ ಅಲ್ಲ. ಇಲ್ಲದವನ ಮೇಲೆ ಮುನಿಸಿಕೊಳ್ಳುವುದು ಹೇಗೆ?

ನಿಮ್ಮ ವಿಷಯ. ನೀವು ಬಿಟ್ಟಿರುವುದು ಪ್ರಾರ್ಥನೆಯನ್ನು. "ಯಾವುದೋ ಶಕ್ತಿ" ಇನ್ನೂ ನಿಮ್ಮ ಜೊತೆಗೇ ಇದೆ. ಆ ಶಕ್ತಿಗೆ ಮನಸ್ಸಿದೆಯಾ? ಅದು ಏನನ್ನಾದರೂ ಬೇಕೆಂದು ಮಾಡುತ್ತದಾ? ಹೌದು ಎನ್ನಿಸಿದರೆ ನೀವು ಡೀಯಿಸ್ಟರ ಹತ್ತಿರದವರು. ನಿಸರ್ಗದ ನಿಯಮಗಳನ್ನೇ ಶಕ್ತಿ ಎನ್ನುತ್ತಿದ್ದರೆ ಸ್ಪಿನೋಜಾನ ಕಡೆಯವರು. ಸುಮ್ನೆ ಅಭ್ಯಾಸಕ್ಕೆ ಬಂದ ಮಾತು ಅದು, ಬಿಡಿಸಿ ನೋಡಿದರೆ ಒಳಗೆ ಏನೂ ಇಲ್ಲ ಎಂದಾದರೆ, ನನ್ನ "ಅಲ್ಲ" ಎಂಬ ಉತ್ತರವನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಕಾಮೆಂಟಿನಲ್ಲಿ ತಿಳಿಸಿ.